ಬಿಸಿ ಆರದ ಮುಖವಾಡ

ಪ್ರಶ್ನೆ: ಚಿಕ್ಕಂದಿನಿಂದಲೂ ಕಾಮಿಕ್ಸ್ ಓದುತ್ತಾ ಬಂದಿದ್ದೇನೆ. ಖಳನಾಯಕರಲ್ಲಿ ಡಾಕ್ಟರ್ ಡೂಮ್‌ನಷ್ಟು ಗಟ್ಟಿಗನನ್ನು ಕಂಡಿಲ್ಲ. ಮೈತುಂಬ ಉಕ್ಕಿನ ಕವಚ, ಒಂದು ಕೈಯಲ್ಲಿ ವಿಜ್ಞಾನ, ಇನ್ನೊಂದು ಕೈಯಲ್ಲಿ ಮಂತ್ರವಿದ್ಯೆ, ಆಳುವುದಕ್ಕೆ ಸ್ವಂತದ್ದೊಂದು ದೇಶ. ದೇವರಂಥವರು ಎದುರು ನಿಂತರೂ ತಲೆ ಬಾಗಿಸುವುದಿಲ್ಲ. ಇಂಥವನಿಗೂ ಒಳಗೊಳಗೇ ಭಯವೆಂಬುದು ಇದೆಯೇ? ಅವನು ಹೆದರುವುದು ‘ಫೆಂಟಾಸ್ಟಿಕ್ ಫೋರ್’ ಎಂಬ ನಾಲ್ವರು ಸಾಹಸಿಗಳ ತಂಡದ ನಾಯಕ ರೀಡ್ ರಿಚರ್ಡ್ಸ್‌ಗೆ ಮಾತ್ರ ಎಂದು ನನ್ನ ಗೆಳೆಯ ವಾದಿಸುತ್ತಾನೆ. ಇನ್ನೊಂದು ಸಂಶಯ: ಇಷ್ಟೆಲ್ಲ ಶಕ್ತಿ ಇರುವವನು ತನ್ನ ಮುಖದ ಗಾಯವನ್ನೇಕೆ ವಾಸಿ ಮಾಡಿಕೊಳ್ಳುವುದಿಲ್ಲ?

ಉತ್ತರ: ಭಯ ಖಂಡಿತ ಇದೆ. ಸಾವಿಗೆ ಅವನು ಅಷ್ಟಾಗಿ ಅಂಜುವವನಲ್ಲ, ಸೋಲನ್ನೂ ಹೇಗೋ ನುಂಗಿಕೊಳ್ಳುತ್ತಾನೆ. ಅವನ ನಿದ್ದೆಗೆಡಿಸುವುದು ಬೇರೆಯೇ ಒಂದು ಸಂಗತಿ. ನಿಮ್ಮ ಗೆಳೆಯರ ಮಾತಿನಲ್ಲಿ ಅರ್ಧ ಸತ್ಯವಿದೆ, ಉಳಿದರ್ಧಕ್ಕೆ ಆಮೇಲೆ ಬರುತ್ತೇನೆ. ಮೊದಲು ಮುಖದ ಗಾಯದ ವಿಷಯ. ನೀವು ಕೊನೆಗೆ ಕೇಳಿದ ಆ ಸಂಶಯದಲ್ಲೇ ಮಿಕ್ಕೆಲ್ಲದರ ಕೀಲಿಕೈ ಇದೆ.

ಡೂಮ್ ಮೊದಲು ಕಾಣಿಸಿಕೊಂಡದ್ದು 1962ರ ಜುಲೈ ತಿಂಗಳ ‘ಫೆಂಟಾಸ್ಟಿಕ್ ಫೋರ್’ ಐದನೇ ಸಂಚಿಕೆಯಲ್ಲಿ. ಬರೆದವರು ಸ್ಟಾನ್ ಲೀ, ಚಿತ್ರಿಸಿದವರು ಜಾಕ್ ಕರ್ಬಿ. ಆದರೆ ಅವನು ಯಾರು, ಎಲ್ಲಿಂದ ಬಂದವನು ಎಂಬುದು ಓದುಗರಿಗೆ ಪೂರ್ತಿಯಾಗಿ ತಿಳಿದದ್ದು ಎರಡು ವರ್ಷಗಳ ನಂತರ, 1964ರ ಎರಡನೇ ವಾರ್ಷಿಕ ಸಂಚಿಕೆಯಲ್ಲಿ. ಲಟ್ವೇರಿಯಾ ಎಂಬ ಕಲ್ಪಿತ ದೇಶದಲ್ಲಿ, ಅಲೆಮಾರಿ ರೋಮಾ ಜನರ ಬಿಡಾರದಲ್ಲಿ ಹುಟ್ಟಿದ ವಿಕ್ಟರ್ ವಾನ್ ಡೂಮ್ ಬುದ್ಧಿಯೊಂದರ ಬಲದಿಂದಲೇ ಅಮೆರಿಕದ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿವೇತನ ಪಡೆಯುತ್ತಾನೆ. ಅಲ್ಲಿ ರೀಡ್ ರಿಚರ್ಡ್ಸ್ ಎಂಬ ಇನ್ನೊಬ್ಬ ಪ್ರತಿಭಾವಂತ, ಇಬ್ಬರೂ ಒಂದೇ ಕೋಣೆಯಲ್ಲಿರೋಣ ಎಂದು ಸ್ನೇಹದಿಂದ ಕೇಳಿದರೆ ವಿಕ್ಟರ್ ಮುಖ ತಿರುಗಿಸುತ್ತಾನೆ. ಮುಂದೊಂದು ದಿನ ವಿಕ್ಟರನ ಟಿಪ್ಪಣಿಗಳು ರೀಡ್‌ನ ಕಣ್ಣಿಗೆ ಬೀಳುತ್ತವೆ. ನಿನ್ನ ಲೆಕ್ಕದಲ್ಲಿ ದಶಮಾಂಶಗಳು ಒಂದಿಷ್ಟು ಹೆಚ್ಚುಕಡಿಮೆಯಾಗಿವೆ, ಇನ್ನೊಮ್ಮೆ ನೋಡು ಎನ್ನುತ್ತಾನೆ ರೀಡ್. ವಿಕ್ಟರ್ ಅವನನ್ನು ಗದರಿಸಿ ಹೊರಗಟ್ಟುತ್ತಾನೆ. ಯಂತ್ರ ಸ್ಫೋಟಿಸುತ್ತದೆ, ಮುಖಕ್ಕೆ ಗಾಯವಾಗುತ್ತದೆ, ವಿಶ್ವವಿದ್ಯಾಲಯ ಅವನನ್ನು ಹೊರಹಾಕುತ್ತದೆ. ಜಗತ್ತನ್ನು ನಡುಗಿಸುವ ಹೆಸರಿನ ಮುಂದಿರುವ ಆ ‘ಡಾಕ್ಟರ್’ ಎಂಬ ಪದವಿ ಅಲ್ಲಿಂದ ಬಂದದ್ದಲ್ಲ ಎಂಬುದನ್ನು ನೆನಪಿನಲ್ಲಿಡಿ.

ಅಲ್ಲಿಂದ ಅವನು ಟಿಬೆಟ್ಟಿನ ಹಿಮಪರ್ವತಗಳ ನಡುವೆ ಸನ್ಯಾಸಿಗಳ ಗುಂಪೊಂದನ್ನು ಸೇರುತ್ತಾನೆ. ಕಲಿಯಲು ಹೋದವನು ಕೆಲವೇ ಕಾಲದಲ್ಲಿ ಅವರಿಗೇ ಒಡೆಯನಾಗುತ್ತಾನೆ. ಅವರು ಅವನಿಗಾಗಿ ಉಕ್ಕಿನ ಕವಚ ಎರಕ ಹೊಯ್ಯುತ್ತಾರೆ. ಕೊನೆಗೆ ಬರುವುದು ಮುಖವಾಡ. ಕುಲುಮೆಯಿಂದ ಆಗಷ್ಟೇ ಹೊರಬಂದ ಲೋಹ, ಒಳಗಿನ ಕಾವು ಇನ್ನೂ ಇಳಿದಿಲ್ಲ. ಸ್ವಾಮಿ, ಇದು ಪೂರ್ತಿ ತಣ್ಣಗಾಗಿಲ್ಲ ಎಂದು ಸನ್ಯಾಸಿ ಎಚ್ಚರಿಸುತ್ತಾನೆ. ವಿಕ್ಟರ್ ಕಾಯುವುದಿಲ್ಲ. ಹಾಗೆಯೇ ಎತ್ತಿ ಮುಖಕ್ಕೆ ಒತ್ತಿಕೊಳ್ಳುತ್ತಾನೆ.

ಕೋಣೆಯ ಆ ದೃಶ್ಯವನ್ನೂ ಕುಲುಮೆಯ ಈ ದೃಶ್ಯವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಒಬ್ಬರು ಅವನ ಒಳ್ಳೆಯದಕ್ಕೇ ಒಂದು ಮಾತು ಹೇಳುತ್ತಾರೆ. ಮಾತು ಚಿಕ್ಕದು, ಸರಿಯಾದದ್ದು, ಕೇಳಿಸಿಕೊಂಡಿದ್ದರೆ ಅರ್ಧ ಗಂಟೆಯಲ್ಲಿ ಮುಗಿದುಹೋಗುವಂಥದ್ದು. ಎರಡು ಸಲವೂ ಅವನು ಕಿವಿಗೊಡುವುದಿಲ್ಲ, ಎರಡು ಸಲವೂ ಸುಡುವುದು ಅವನ ಮುಖವೇ. ಮೂಲಕಥೆಯನ್ನು ನಾನು ಎಷ್ಟೋ ಸಲ ಓದಿದ್ದರೂ ಈ ಜೋಡಿ ಬಹಳ ತಡವಾಗಿ ನನ್ನ ಕಣ್ಣಿಗೆ ಬಿತ್ತು. ಆಮೇಲೆ ಡೂಮ್‌ನನ್ನು ಬೇರೆ ರೀತಿಯಲ್ಲಿ ಓದಲು ನನ್ನಿಂದ ಆಗಲೇ ಇಲ್ಲ.

ಮೊದಲ ಗಾಯ ಎಷ್ಟು ದೊಡ್ಡದು ಎಂಬ ಬಗ್ಗೆ ಕಲಾವಿದರಲ್ಲೇ ಒಮ್ಮತವಿಲ್ಲ. ಅದು ಒಂದು ಸಣ್ಣ ಗೀರಿನಷ್ಟೇ ಇರಬೇಕು, ತನ್ನ ರೂಪದ ಬಗ್ಗೆ ಅತಿಯಾದ ಹೆಮ್ಮೆಯಿದ್ದವನು ಆ ಗೀರನ್ನೇ ಸಹಿಸದೆ ಮುಖ ಮುಚ್ಚಿಕೊಂಡ ಎಂಬುದು ಕರ್ಬಿಯ ಕಲ್ಪನೆಯಾಗಿತ್ತು. 1985ರಲ್ಲಿ ಜಾನ್ ಬರ್ನ್ ಮೂಲಕಥೆಯನ್ನು ಮತ್ತೆ ಹೇಳಿದಾಗ ಆ ಗೀರನ್ನೂ ಬಿಸಿ ಮುಖವಾಡವನ್ನೂ ಜೋಡಿಸಿದರು. ಸ್ಫೋಟ ಬಿಟ್ಟುಹೋದದ್ದು ಬರೀ ಒಂದು ಗೆರೆ, ಮುಖವನ್ನು ನಿಜಕ್ಕೂ ಹಾಳುಮಾಡಿದ್ದು ಆ ಬಿಸಿ ಮುಖವಾಡ. ನನಗೆ ಇದೇ ಸರಿ ಎನಿಸುತ್ತದೆ. ರೀಡ್‌ನ ದೆಸೆಯಿಂದ ಆಯಿತು ಎಂದು ಅವನು ಜೀವನವಿಡೀ ಹೇಳಿಕೊಂಡು ಬಂದ ಗಾಯವನ್ನು ಮಾಡಿದ್ದು ಅವನದೇ ಎರಡು ಕೈಗಳು. ಅದು ಅವನಿಗೆ ಗೊತ್ತಿಲ್ಲವೇ? ಗೊತ್ತಿದೆ ಎಂದೇ ನನ್ನ ನಂಬಿಕೆ. ಯಂತ್ರವನ್ನು ರೀಡ್ ಕೆಡಿಸಿದ ಎಂಬ ಮಾತನ್ನು ಅವನು ದಶಕಗಳ ಕಾಲ ಬಿಡದೆ ಹೇಳುತ್ತಾನಲ್ಲ, ಅಷ್ಟು ಸಲ ಹೇಳಬೇಕಾಗಿ ಬರುವುದು ಒಳಗೆ ಅದಕ್ಕೆ ಎದುರುತ್ತರ ಇದ್ದಾಗ ಮಾತ್ರ.

ಹಾಗಾದರೆ ನನ್ನ ಉತ್ತರ ಇದು: ಡೂಮ್ ಹೆದರುವುದು ‘ನೀನು ತಪ್ಪಿದ್ದೀಯ’ ಎಂಬ ಮಾತಿಗೆ. ಅದನ್ನು ಇನ್ನೊಬ್ಬರು ಹೇಳಿದರೆ ಕೋಪ ಬರುತ್ತದೆ. ತನಗೆ ತಾನೇ ಹೇಳಿಕೊಳ್ಳಬೇಕಾಗಿ ಬಂದರೆ ಅವನು ಉಳಿಯುವುದೇ ಇಲ್ಲ.

ತಪ್ಪು ಮಾಡದವರು ಯಾರಿದ್ದಾರೆ, ಅದಕ್ಕೆ ಇಷ್ಟೊಂದು ಅಂಜಿಕೆ ಏಕೆ ಎಂದು ನೀವು ಕೇಳಬಹುದು. ಅವನ ಬಾಲ್ಯಕ್ಕೆ ಹೋಗಿ. ತಾಯಿ ಸಿಂಥಿಯಾ ಮಂತ್ರವಿದ್ಯೆ ಬಲ್ಲವಳು. ಕಾಣದ ಶಕ್ತಿಗಳೊಂದಿಗೆ ವ್ಯವಹರಿಸಹೋಗಿ ಪ್ರಾಣ ಕಳೆದುಕೊಂಡಳು, ಅವಳ ಆತ್ಮ ನರಕದ ಒಡೆಯ ಮೆಫಿಸ್ಟೋ ವಶವಾಯಿತು. ತಂದೆ ವರ್ನರ್ ಬಿಡಾರದ ವೈದ್ಯ. ನಾಡಿನ ದೊರೆಯ ಹೆಂಡತಿಗೆ ಗುಣವಾಗದ ಕಾಯಿಲೆ. ಅವಳನ್ನು ಉಳಿಸಲು ವರ್ನರ್‌ನ ಔಷಧಿಯಿಂದ ಆಗಲಿಲ್ಲ. ದೊರೆಯ ಸೈನಿಕರಿಂದ ತಪ್ಪಿಸಿಕೊಳ್ಳಲು ಮಗನನ್ನು ಎತ್ತಿಕೊಂಡು ಹಿಮ ಸುರಿಯುತ್ತಿದ್ದ ಬೆಟ್ಟ ಹತ್ತಿದ. ತನ್ನ ಮೈಮೇಲಿನ ಹೊದಿಕೆಯನ್ನು ಮಗನಿಗೆ ಸುತ್ತಿ ತಾನು ಚಳಿಯಲ್ಲಿ ಸತ್ತ. ಆ ಹುಡುಗನ ಜಾಗದಲ್ಲಿ ನಿಂತು ಯೋಚಿಸಿ. ಅಮ್ಮನ ವಿದ್ಯೆ ಎಲ್ಲೋ ತಪ್ಪಿತು, ಅಮ್ಮ ಇಲ್ಲವಾದಳು. ಅಪ್ಪನ ವಿದ್ಯೆ ಸಾಲದೆ ಹೋಯಿತು, ಅಪ್ಪನೂ ಇಲ್ಲವಾದ. ನಮಗೆಲ್ಲ ತಪ್ಪು ಎಂದರೆ ಅಳಿಸಿ ಮತ್ತೆ ಬರೆಯುವ ಲೆಕ್ಕ. ಅವನಿಗೆ ತಪ್ಪು ಎಂದರೆ ಹಿಮದ ಮೇಲೆ ಮಲಗಿದ ಅಪ್ಪ. ರೀಡ್ ತೋರಿಸಿದ್ದು ಒಂದು ದಶಮಾಂಶ, ವಿಕ್ಟರ್‌ಗೆ ಕಂಡದ್ದು ಆ ಬೆಟ್ಟ.

ಈಗ ನಿಮ್ಮ ಗೆಳೆಯರ ವಾದ. ರೀಡ್‌ಗೆ ಅವನು ಹೆದರುತ್ತಾನೆಯೇ? ರೀಡ್‌ನ ಬಲಕ್ಕಂತೂ ಅಲ್ಲ. 1965ರ ನಲವತ್ತನೇ ಸಂಚಿಕೆಯಲ್ಲಿ ಡೂಮ್ ಮೈಯಿಂದ ಸೋಲುತ್ತಾನೆ, ಅದೂ ಬಹಳ ಕ್ರೂರವಾಗಿ. ರೀಡ್‌ನ ತಂಡದ, ಕಲ್ಲಿನ ಮೈಯ ಬೆನ್ ಗ್ರಿಮ್ ಕೋಪದ ಭರದಲ್ಲಿ ಡೂಮ್‌ನ ಉಕ್ಕಿನ ಕೈಗವಸುಗಳನ್ನು ಹಿಡಿದು, ಒಳಗಿನ ಕೈಗಳ ಸಮೇತ ನುಚ್ಚುನೂರು ಮಾಡುತ್ತಾನೆ. ಕೊಂದೇಬಿಡುವ ಹಂತಕ್ಕೆ ಹೋದಾಗ ತಡೆಯುವವನು ರೀಡ್. ಅವನು ಹೋಗಲಿ, ಸೋತ ಅವಮಾನವೇ ಅವನಿಗೆ ಸಾಕು ಎಂಬ ಧಾಟಿಯಲ್ಲಿ ಬಿಟ್ಟುಕೊಡುತ್ತಾನೆ. ಮುರಿದ ಕೈ ಕೂಡಿಕೊಳ್ಳುತ್ತದೆ. ಪ್ರಾಣ ಉಳಿಸಿದ ರೀಡ್‌ನ ಆ ಅನುಕಂಪ ಮಾಡಿದ ಗಾಯ ಕೂಡಿಕೊಳ್ಳುವಂಥದ್ದಲ್ಲ. ಬೆನ್‌ನ ಮೇಲೆ ಡೂಮ್ ಜೀವನವಿಡೀ ಹಗೆ ಸಾಧಿಸಿದ್ದು ಕಾಣುವುದಿಲ್ಲ. ಹಗೆಯೆಲ್ಲ ರೀಡ್‌ನ ಮೇಲೆ. ಅಂದು ಆ ಕೋಣೆಯಲ್ಲಿ ಟಿಪ್ಪಣಿ ಓದಿದವನು ಅವನೊಬ್ಬನೇ, ತಪ್ಪು ಎಲ್ಲಿತ್ತೆಂದು ಬಲ್ಲವನೂ ಅವನೊಬ್ಬನೇ. ರೀಡ್ ಬದುಕಿರುವವರೆಗೆ ಆ ದಶಮಾಂಶವೂ ಬದುಕಿರುತ್ತದೆ. ಆದ್ದರಿಂದ ನಿಮ್ಮ ಗೆಳೆಯರಿಗೆ ಹೇಳಿ: ಅವನು ಹೆದರುವುದು ರೀಡ್‌ಗೆ ಎನ್ನುವುದಕ್ಕಿಂತ ರೀಡ್‌ನ ನೆನಪಿನ ಶಕ್ತಿಗೆ.

ವಿಜ್ಞಾನದಲ್ಲಿ ರೀಡ್‌ನನ್ನು ಮೀರಿಸಲಾರೆ ಎಂಬ ಶಂಕೆ ಗಟ್ಟಿಯಾದಾಗ ಅವನು ಏನು ಮಾಡಬಲ್ಲ ಎಂಬುದನ್ನು 2003ರಲ್ಲಿ ಮಾರ್ಕ್ ವೇಡ್ ಬರೆದು ಮೈಕ್ ವಿರಿಂಗೊ ಚಿತ್ರಿಸಿದ ಕಥೆ ತೋರಿಸಿತು. ಚಿಕ್ಕಂದಿನಲ್ಲಿ ಪ್ರೀತಿಸಿದ್ದ ವಲೇರಿಯಾಳನ್ನು ಹುಡುಕಿ, ಪ್ರೀತಿಯ ಮಾತಾಡಿ, ಅವಳನ್ನೇ ಪಿಶಾಚಿಗಳಿಗೆ ಬಲಿ ಕೊಡುತ್ತಾನೆ. ಅದಕ್ಕೆ ಪ್ರತಿಯಾಗಿ ಮಂತ್ರಶಕ್ತಿ ಸಿಗುತ್ತದೆ, ಅವಳ ಚರ್ಮದಿಂದಲೇ ಆದ ಹೊಸ ಕವಚ ಸಿಗುತ್ತದೆ. ಆ ಪುಟಗಳನ್ನು ಮತ್ತೆ ಓದಲು ನನಗೆ ಮನಸ್ಸಾಗುವುದಿಲ್ಲ. ಕೆಲವು ಓದುಗರು ಡೂಮ್‌ನನ್ನು ಘನತೆಯ ರಾಜ ಎಂದಷ್ಟೇ ನೋಡಲು ಇಷ್ಟಪಡುತ್ತಾರೆ, ಅಂಥವರು ಈ ಕಥೆಯನ್ನು ಒಪ್ಪುವುದಿಲ್ಲ. ನಾನು ಒಪ್ಪುತ್ತೇನೆ. ಭಯ ಮನುಷ್ಯನನ್ನು ಎಲ್ಲಿಯವರೆಗೆ ತಳ್ಳಬಹುದು ಎಂದು ಹೇಳಹೊರಟ ಮೇಲೆ ಅರ್ಧಕ್ಕೆ ನಿಲ್ಲಿಸುವುದು ಪ್ರಾಮಾಣಿಕತೆಯಲ್ಲ.

ಮುಖವನ್ನು ಯಾರಾದರೂ ನೋಡಿಬಿಟ್ಟಾರು ಎಂಬ ಭಯ ಇನ್ನೊಂದು. ಇದು ಮೇಲ್ನೋಟಕ್ಕೇ ಕಾಣುವಂಥದ್ದು, ಆದರೂ ಕಲಾವಿದರು ಇದನ್ನು ಬಹಳ ಜಾಣ್ಮೆಯಿಂದ ಬಳಸಿದ್ದಾರೆ. 1963ರ ಹತ್ತನೇ ಸಂಚಿಕೆಯಲ್ಲಿ ಡೂಮ್ ನೇರವಾಗಿ ಲೀ ಮತ್ತು ಕರ್ಬಿ ಕೆಲಸ ಮಾಡುವ ಕೋಣೆಗೇ ನುಗ್ಗುತ್ತಾನೆ. ಕಥೆಗಾರರು ತಮ್ಮ ಕಥೆಯೊಳಗೆ ತಾವೇ ಬಂದು ಕೂತಿದ್ದಾರೆ. ಅವರೆದುರು ಅವನು ಮುಖವಾಡ ತೆಗೆಯುತ್ತಾನೆ, ಅವರು ಬೆಚ್ಚಿಬೀಳುತ್ತಾರೆ. ನಮಗೆ ಕಾಣುವುದು ಆ ಬೆಚ್ಚಿದ ಮುಖಗಳು ಮಾತ್ರ. 1978ರ ಇನ್ನೂರನೇ ಸಂಚಿಕೆಯಲ್ಲಿ ಇದು ತಿರುಗಿಬೀಳುತ್ತದೆ. ಮುಖವಾಡ ಕಳಚಿದ ಡೂಮ್ ತನ್ನ ಸುತ್ತಲಿನ ಹೊಳೆಯುವ ಪಟ್ಟಿಕೆಗಳಲ್ಲೆಲ್ಲ ತನ್ನದೇ ಮುಖವನ್ನು ಸಾವಿರ ಪ್ರತಿಬಿಂಬಗಳಾಗಿ ಕಾಣುತ್ತಾನೆ. ಯಾರೂ ಹೊಡೆಯುವುದಿಲ್ಲ, ಯಾವ ಅಸ್ತ್ರವೂ ಬೇಕಾಗುವುದಿಲ್ಲ, ನೋಡುತ್ತ ನೋಡುತ್ತಲೇ ಬುದ್ಧಿ ಕೈಕೊಡುತ್ತದೆ. ಜಗತ್ತಿನ ಕಣ್ಣಿಗೆ ಬೀಳಬಾರದು ಎಂದು ತೊಟ್ಟ ಮುಖವಾಡ ಅಷ್ಟು ವರ್ಷ ಕಾಪಾಡಿದ್ದು ಅವನನ್ನು ಅವನ ಸ್ವಂತ ಕಣ್ಣಿನಿಂದ.

ಇದಕ್ಕೆ ಅಂಟಿಕೊಂಡೇ ಬರುವುದು ಅವಮಾನದ ಅಂಜಿಕೆ. 1981ರ ಎಕ್ಸ್‌–ಮೆನ್ ಕಥೆಯೊಂದರಲ್ಲಿ ಆರ್ಕೇಡ್ ಎಂಬ ಪುಡಿ ಖಳನೊಬ್ಬ ಡೂಮ್‌ನ ಕವಚಕ್ಕೆ ಬೆಂಕಿಕಡ್ಡಿ ಗೀರಿ ಹೊತ್ತಿಸುತ್ತಾನೆ, ಡೂಮ್ ಸುಮ್ಮನಿರುತ್ತಾನೆ. ಇದನ್ನು ಕಂಡ ಜಾನ್ ಬರ್ನ್‌ಗೆ ಸಹಿಸಲಾಗಲಿಲ್ಲ. ಎರಡು ವರ್ಷಗಳ ನಂತರ ತಾವು ಬರೆದ ಸಂಚಿಕೆಯಲ್ಲಿ, ಅಂದು ಅಲ್ಲಿದ್ದದ್ದು ಡೂಮ್ ಅಲ್ಲ, ಅವನದೇ ರೂಪದ ಯಂತ್ರಮಾನವ, ಅಂದರೆ ಡೂಮ್‌ಬಾಟ್ ಎಂದು ತಿದ್ದಿದರು. ನಿಜವಾದ ಡೂಮ್‌ಗೆ ಬೆಂಕಿಕಡ್ಡಿಯ ಸುದ್ದಿ ತಿಳಿಯುತ್ತದೆ, ತನ್ನ ಹೆಸರಿಗೆ ಮಸಿ ಬಳಿಯಗೊಟ್ಟ ಆ ಯಂತ್ರವನ್ನು ಅಲ್ಲೇ ನಾಶಮಾಡುತ್ತಾನೆ. ಒಂದು ಬೆಂಕಿಕಡ್ಡಿ! ನಿಜಕ್ಕೂ ಎದೆಗಾರನಾದವನು ಇಂಥದ್ದನ್ನು ಉಗುರಿನಿಂದ ಕೊಡವಿ ಮುಂದೆ ನಡೆದಾನು. ಕವಚದ ಮೇಲಿನ ಗೀರು ಅವನಿಗೆ ಮುಖದ ಮೇಲಿನ ಗೀರಿನಷ್ಟೇ ಉರಿಯಿತು. ರನ್ನನ ದುರ್ಯೋಧನ ನೀರೊಳಗೆ ಅಡಗಿದ್ದೂ ಬೆವರಿದನಲ್ಲ, ಭೀಮನ ಗದೆ ಆಗಿನ್ನೂ ಅವನನ್ನು ಮುಟ್ಟಿರಲಿಲ್ಲ, ಮುಟ್ಟಿದ್ದು ದಡದಿಂದ ಬಂದ ಮಾತು. ಡೂಮ್‌ನ ಕವಚವೂ ಆ ಕೊಳದ ನೀರಿನ ಹಾಗೆಯೇ: ಆಯುಧವನ್ನು ತಡೆಯುತ್ತದೆ, ಮೂದಲಿಕೆ ಒಳಗಿಳಿಯುತ್ತದೆ.

ಇಲ್ಲಿಯವರೆಗೆ ಹೇಳಿದ ಭಯಗಳೆಲ್ಲ ಅಹಂಕಾರದ ಬೇರಿನವು. ಪ್ರೀತಿಯಿಂದ ಹುಟ್ಟಿದ ಭಯವೂ ಒಂದಿದೆ, ನನ್ನ ಮಟ್ಟಿಗೆ ಡೂಮ್‌ನ ಕಥೆಗಳಲ್ಲೆಲ್ಲ ಅತ್ಯಂತ ಆಳವಾದದ್ದು ಅದೇ. ಪ್ರತಿ ವರ್ಷ ನಡುಬೇಸಿಗೆಯ ಒಂದು ರಾತ್ರಿ ತಾಯಿಯ ಆತ್ಮವನ್ನು ಬಿಡಿಸಲು ಅವನು ನರಕದ ಶಕ್ತಿಯೊಂದಿಗೆ ಸೆಣಸುತ್ತಾನೆ, ಪ್ರತಿ ವರ್ಷ ಸೋಲುತ್ತಾನೆ. ಈ ಎಳೆ ಬಂದದ್ದು 1971ರ ಒಂದು ಕಥೆಯಿಂದ. ಜಗತ್ತಿನ ಎದುರು ಒಂದು ಸೋಲನ್ನೂ ಒಪ್ಪದವನು ಈ ಸೋಲಿಗೆ ಮಾತ್ರ ವರ್ಷ ವರ್ಷವೂ ತಾನಾಗಿಯೇ ಎದೆಯೊಡ್ಡುತ್ತಾನೆ, ಅದೂ ಯಾರಿಗೂ ಹೇಳದೆ.

1989ರಲ್ಲಿ ರೋಜರ್ ಸ್ಟರ್ನ್ ಬರೆದ, ಮೈಕ್ ಮಿಗ್ನೋಲಾ ರೇಖೆಗಳಲ್ಲಿ ಮೂಡಿದ ‘ಟ್ರಯಂಫ್ ಅಂಡ್ ಟಾರ್ಮೆಂಟ್’ ಎಂಬ ಚಿತ್ರಕಾದಂಬರಿ ಆ ಎಳೆಯನ್ನು ಅದರ ತುದಿಗೆ ಒಯ್ಯಿತು. ಮಾಂತ್ರಿಕರ ಸ್ಪರ್ಧೆಯೊಂದರಲ್ಲಿ ಡಾಕ್ಟರ್ ಸ್ಟ್ರೇಂಜ್ ಗೆಲ್ಲುತ್ತಾನೆ, ಎರಡನೆಯವನಾಗಿ ಉಳಿದ ಡೂಮ್‌ಗೆ ಗೆದ್ದವನಿಂದ ಒಂದು ಸಹಾಯ ಕೇಳುವ ಹಕ್ಕು ಸಿಗುತ್ತದೆ. ಅವನು ಕೇಳುವುದು ಒಂದೇ: ನನ್ನ ತಾಯಿಯನ್ನು ಬಿಡಿಸಿಕೊಡು. ಇಬ್ಬರೂ ಮೆಫಿಸ್ಟೋನ ಲೋಕಕ್ಕೆ ಇಳಿಯುತ್ತಾರೆ. ಅಲ್ಲಿ ಡೂಮ್ ಇದ್ದಕ್ಕಿದ್ದಂತೆ ಸ್ಟ್ರೇಂಜ್‌ನನ್ನೇ ಶತ್ರುವಿನ ಕೈಗೆ ಒಪ್ಪಿಸುತ್ತಾನೆ, ತಾಯಿಯ ಬದಲಿಗೆ ಇವನ ಆತ್ಮ ತೆಗೆದುಕೋ ಎನ್ನುತ್ತಾನೆ. ಮಗನ ಈ ನೀಚತನ ಕಂಡು ಸಿಂಥಿಯಾ ತತ್ತರಿಸುತ್ತಾಳೆ. ಇಂಥ ಬೆಲೆ ತೆತ್ತು ಸಿಗುವ ಬಿಡುಗಡೆ ನನಗೆ ಬೇಡ ಎಂದು ಮಗನನ್ನೇ ತಿರಸ್ಕರಿಸುತ್ತಾಳೆ. ಹಾಗೆ ತಿರಸ್ಕರಿಸಿದ ಗಳಿಗೆಯಲ್ಲೇ ಅವಳ ಆತ್ಮ ಶುದ್ಧವಾಗುತ್ತದೆ, ಮೆಫಿಸ್ಟೋನ ಹಿಡಿತ ಕಳಚುತ್ತದೆ, ಅವಳು ಬೆಳಕಿನತ್ತ ಏರಿ ಹೋಗುತ್ತಾಳೆ. ಡೂಮ್ ಮೊದಲಿನಿಂದಲೂ ಹೂಡಿದ್ದ ಆಟ ಇದೇ ಎಂದು ನಮಗೆ ಆಮೇಲೆ ತಿಳಿಯುತ್ತದೆ.

ಈ ಕಥೆಯನ್ನು ಮುಗಿಸಿದ ಮೇಲೆ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿರುತ್ತೇನೆ. ಅವನು ಎಲ್ಲರಿಗಿಂತ ಹೆಚ್ಚು ಯಾರಿಂದ ಅಡಗಿಸಿಕೊಳ್ಳಬೇಕಿತ್ತೋ, ತನ್ನೊಳಗಿನ ಅತಿ ಕೊಳಕು ಮುಖವನ್ನು ಅವಳಿಗೇ ತೋರಿಸಬೇಕಾಯಿತು. ‘ನೀನು ತಪ್ಪಿದ್ದೀಯ’ ಎಂಬ ಮಾತನ್ನು ರೀಡ್‌ನ ಬಾಯಿಂದ ಕೇಳಲಾರದವನು ಹೆತ್ತ ತಾಯಿಯ ಬಾಯಿಂದ ಬೇಕೆಂದೇ ಹೇಳಿಸಿಕೊಂಡ, ಅವಳ ಒಳಿತಿಗಾಗಿ. ಆ ಬೆಲೆ ತೆತ್ತುದನ್ನು ಎಲ್ಲೂ ಹಾಡಿಕೊಳ್ಳಲಿಲ್ಲ. ಡೂಮ್‌ನಲ್ಲಿ ಧೈರ್ಯ ಎಂಬುದು ಇದ್ದರೆ ಅದು ಲೋಕಗಳನ್ನೇ ನುಂಗುವ ಗ್ಯಾಲಕ್ಟಸ್‌ನನ್ನೋ ದೇವರಂಥ ಶಕ್ತಿಯ ಬಿಯಾಂಡರ್‌ನನ್ನೋ ಎದುರಿಸಿದ ಪುಟಗಳಲ್ಲಿಲ್ಲ. ಇಲ್ಲಿದೆ.

ಅಳಿದುಹೋಗುವ ಭಯದ ಬಗ್ಗೆ ಒಂದೆರಡು ಮಾತು ಸಾಕು. 1982ರಲ್ಲಿ ಕ್ರಿಸ್ಟಾಫ್ ಎಂಬ ಅನಾಥ ಹುಡುಗನನ್ನು ಅವನು ಸಾಕಿಕೊಳ್ಳುತ್ತಾನೆ. 1985ರಲ್ಲಿ ಡೂಮ್ ಸತ್ತನೆಂದು ನಂಬಿದ ಯಂತ್ರಮಾನವರು, ಅವನು ಮೊದಲೇ ಮಾಡಿಟ್ಟಿದ್ದ ಏರ್ಪಾಡಿನಂತೆ, ಆ ಮಗುವಿನ ತಲೆಗೆ ಡೂಮ್‌ನ ನೆನಪುಗಳನ್ನೆಲ್ಲ ತುಂಬುತ್ತಾರೆ. ಉತ್ತರಾಧಿಕಾರಿ ಎಂದು ಹೇಳಿದರೂ ಅವನಿಗೆ ಬೇಕಾಗಿದ್ದದ್ದು ಇನ್ನೊಬ್ಬ ಡೂಮ್. ಮಗ ತನಗಿಂತ ಬೇರೆಯಾಗಿ ಯೋಚಿಸಿದರೆ ಎಂಬ ಅಳುಕನ್ನು ಇಲ್ಲೂ ನೋಡಬಹುದು.

ಇನ್ನು, ಬಯಸಿದ್ದೆಲ್ಲ ಕೈಗೆ ಬಂದಾಗ ಏನಾಗುತ್ತದೆ? ಮೂರು ಕಥೆಗಳು ಮೂರು ರೀತಿಯಲ್ಲಿ ಉತ್ತರಿಸಿವೆ. 1984–85ರ ‘ಸೀಕ್ರೆಟ್ ವಾರ್ಸ್’ನಲ್ಲಿ ಅವನು ಬಿಯಾಂಡರ್‌ನ ಮಿತಿಯಿಲ್ಲದ ಶಕ್ತಿಯನ್ನೇ ಕಸಿದುಕೊಳ್ಳುತ್ತಾನೆ, ಮುಖವನ್ನೂ ಸರಿಪಡಿಸಿಕೊಳ್ಳುತ್ತಾನೆ. ಹೌದು, ಆಗ ಒಮ್ಮೆ ಸರಿಪಡಿಸಿಕೊಂಡಿದ್ದ. ಆದರೆ ಅನಿಸಿದ್ದೆಲ್ಲ ನಡೆದುಹೋಗುವ ಶಕ್ತಿ ಸಿಕ್ಕಾಗ ಶಂಕೆಯೂ ನಡೆದುಹೋಗುತ್ತದಲ್ಲ! ತಾನು ಕೊಂದ ಸಾಹಸಿಗಳು ಬದುಕಿದ್ದರೆ, ಎದ್ದು ಬಂದರೆ ಎಂದು ಪಕ್ಕದಲ್ಲೊಬ್ಬ ಪಿಸುಗುಡುತ್ತಾನೆ. ಆ ಅನುಮಾನದ ಬೀಜವೇ ಶಕ್ತಿಯನ್ನೆಲ್ಲ ಒಡೆದು ಚೆಲ್ಲಿಬಿಡುತ್ತದೆ. 1987ರ ‘ಎಂಪರರ್ ಡೂಮ್’ನಲ್ಲಿ ಇಡೀ ಭೂಮಿ ಅವನ ಆಳ್ವಿಕೆಗೆ ಬರುತ್ತದೆ, ಯುದ್ಧಗಳು ನಿಲ್ಲುತ್ತವೆ, ಅವನು ಮೇಜಿನ ಮುಂದೆ ಕೂತು ಕಡತಗಳನ್ನು ನೋಡುತ್ತ ಬೇಸತ್ತುಹೋಗುತ್ತಾನೆ. ಎದುರಾಳಿಯಿಲ್ಲದ ಗೆಲುವಿನಲ್ಲಿ ತಾನು ಸರಿ ಎಂದು ಯಾರಿಗೆ ತೋರಿಸಿಕೊಡುವುದು?

ಮೂರನೆಯದು 2015ರಲ್ಲಿ ಶುರುವಾದ ಎರಡನೇ ‘ಸೀಕ್ರೆಟ್ ವಾರ್ಸ್’. ಜೊನಾಥನ್ ಹಿಕ್‌ಮನ್ ಬರೆದದ್ದು, ಎಸಾದ್ ರಿಬಿಚ್ ಚಿತ್ರಗಳು. ನಿಮ್ಮ ಕೊನೆಯ ಪ್ರಶ್ನೆಗೆ ನೇರ ಉತ್ತರ ಇಲ್ಲೇ ಇದೆ. ಎಲ್ಲ ವಿಶ್ವಗಳೂ ನಾಶವಾದಾಗ ಅಳಿದುಳಿದ ಚೂರುಗಳನ್ನು ಕೂಡಿಸಿ ಡೂಮ್ ಒಂದೇ ಒಂದು ಲೋಕ ಕಟ್ಟುತ್ತಾನೆ, ಅದಕ್ಕೆ ತಾನೇ ದೇವರಾಗುತ್ತಾನೆ. ಆ ಲೋಕವನ್ನು ಹೇಗೆ ಕಟ್ಟಿದ ಎಂಬುದನ್ನು ಗಮನಿಸಿ. ರೀಡ್‌ನ ಹೆಂಡತಿ ಸ್ಯೂ ಅವನ ಪಕ್ಕದಲ್ಲಿದ್ದಾಳೆ. ರೀಡ್‌ನ ಮಕ್ಕಳು ಅವನ ಮಕ್ಕಳಾಗಿದ್ದಾರೆ. ಸ್ಯೂಳ ತಮ್ಮ ಜಾನಿ ಸ್ಟಾರ್ಮ್ ಆಕಾಶದ ಸೂರ್ಯನಾಗಿ ಉರಿಯುತ್ತಿದ್ದಾನೆ, ಬೆನ್ ಗ್ರಿಮ್ ಎಲ್ಲೆ ಕಾಯುವ ಗೋಡೆಯಾಗಿ ನಿಂತಿದ್ದಾನೆ. ಒಬ್ಬನು ಮಾತ್ರ ಇಲ್ಲ. ಇಡೀ ಸೃಷ್ಟಿಯನ್ನು ಹೊಸದಾಗಿ ಮಾಡುವ ಅವಕಾಶ ಸಿಕ್ಕರೂ ಅವನ ಕಲ್ಪನೆ ಹೋಗಿ ನಿಂತದ್ದು ರೀಡ್‌ನ ಮನೆಯಲ್ಲೇ, ರೀಡ್ ಎದ್ದುಹೋದ ಕುರ್ಚಿಯಲ್ಲೇ.

ಮುಖವಾಡದ ಕೆಳಗೆ ಆ ಮುಖ ಸುಟ್ಟೇ ಇದೆ. ಬೆಟ್ಟ, ಕಡಲು, ರಾಜ್ಯಗಳನ್ನೆಲ್ಲ ಮಾಡಿದವನಿಗೆ ಅಂಗೈಯಗಲದ ಚರ್ಮವನ್ನು ಸರಿಪಡಿಸಲು ಆಗಿಲ್ಲ. ಏಕೆಂದು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಗಾಯವನ್ನು ಗುಣಪಡಿಸಬೇಕಾದರೆ ಅದು ಹೇಗೆ ಆಯಿತೆಂದು ಮೊದಲು ಒಪ್ಪಬೇಕು. ಮುಖದ ಒಂದೊಂದು ಮಡಿಕೆಯಲ್ಲೂ ‘ರೀಡ್ ಮಾಡಿದ್ದು’ ಎಂದು ಬರೆದುಕೊಂಡಿದ್ದಾನೆ. ಅದನ್ನು ಅಳಿಸಿದರೆ ದೂರು ಕೊಡಲು ಸಾಕ್ಷ್ಯವೇ ಉಳಿಯುವುದಿಲ್ಲ.

ಕೊನೆಯಲ್ಲಿ ರೀಡ್ ಬದುಕಿ ಬಂದು ಎದುರು ನಿಲ್ಲುತ್ತಾನೆ. ಇಬ್ಬರೂ ಬಡಿದಾಡುತ್ತಾರೆ, ಇಬ್ಬರೂ ಕೂಗಾಡುತ್ತಾರೆ. ಈ ಶಕ್ತಿ ನನ್ನ ಕೈಯಲ್ಲಿದ್ದಿದ್ದರೆ ನಿನಗಿಂತ ಚೆನ್ನಾಗಿ ಮಾಡುತ್ತಿದ್ದೆ, ಅದು ನಿನಗೂ ಗೊತ್ತು, ಅಲ್ಲವೇ ಎಂಬ ಅರ್ಥದ ಪ್ರಶ್ನೆಗೆ ಡೂಮ್ ಹೌದು ಎಂದು ಅರಚುತ್ತಾನೆ. 1962ರಿಂದ ಅವನು ಬಾಯಿಬಿಡದೆ ಇಟ್ಟುಕೊಂಡಿದ್ದ ಮಾತು ಅದು. ಹೇಳಿ ಮುಗಿದ ಮೇಲೆ ಶಕ್ತಿ ಕೈಬದಲಾಗುತ್ತದೆ, ಲೋಕ ಮತ್ತೆ ಮೊದಲಿನಂತಾಗುತ್ತದೆ. ರೀಡ್ ಅವನನ್ನು ಶಿಕ್ಷಿಸುವುದಿಲ್ಲ. ಲಟ್ವೇರಿಯಾದಲ್ಲಿ ಕಣ್ಣು ಬಿಟ್ಟ ವಿಕ್ಟರ್ ಮುಖವಾಡ ತೆಗೆದು ಕೈಯಾಡಿಸಿ ನೋಡಿಕೊಳ್ಳುತ್ತಾನೆ. ಚರ್ಮ ನುಣುಪಾಗಿದೆ. ಅವನು ನಗುತ್ತಾನೆ. ಡೂಮ್ ಹೆಸರಿನಲ್ಲಿ ಆರ್ಭಟದ ನಗುಗಳನ್ನು ಎಷ್ಟೋ ನೋಡಿದ್ದೇವೆ, ಈ ನಗು ಆ ಜಾತಿಯದಲ್ಲ.

ಅದು ಬಹುಕಾಲ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಮುಂದಿನ ಕಥೆಗಳಲ್ಲಿ ಅವನು ಐರನ್ ಮ್ಯಾನ್‌ನ ಹೆಸರು ಹೊತ್ತು ಕೆಲಕಾಲ ಒಳ್ಳೆಯವನಾಗಿ ಬದುಕಲು ನೋಡಿದ. ಮುಖ ಮತ್ತೆ ಗಾಯಗೊಂಡಿತು, ಮುಖವಾಡ ಮತ್ತೆ ಬಂತು. ಖಳನಾಯಕನನ್ನು ಕಾಮಿಕ್ಸ್ ಉದ್ಯಮ ಹೆಚ್ಚು ದಿನ ಗುಣವಾಗಿರಲು ಬಿಡುವುದಿಲ್ಲ, ಅದು ಬೇರೆಯೇ ಚರ್ಚೆ.

ನೀವು ಮತ್ತು ನಿಮ್ಮ ಗೆಳೆಯರು ಒಟ್ಟಿಗೆ ಓದುವುದಾದರೆ 1964ರ ಮೂಲಕಥೆ, 1989ರ ನರಕಯಾತ್ರೆ, 2015ರ ಒಂಬತ್ತು ಸಂಚಿಕೆಗಳು, ಈ ಕ್ರಮದಲ್ಲೇ ಓದಿ. ಮೂಲಕಥೆಯಲ್ಲಿ ಕುಲುಮೆಯ ಪುಟ ಬಂದಾಗ ಡೂಮ್‌ನನ್ನು ಸ್ವಲ್ಪ ಹೊತ್ತು ಬಿಟ್ಟು, ಪಕ್ಕದಲ್ಲಿ ನಿಂತ ಸನ್ಯಾಸಿಯನ್ನು ನೋಡಿ. ಅವನು ಹೇಳುತ್ತಿರುವುದು ಒಂದೇ ಮಾತು, ಇನ್ನು ಸ್ವಲ್ಪ ಹೊತ್ತು ತಾಳಿ ಎಂದು.